ಕಾಫಿ ಬೆಳೆದವನ ನಾಲಿಗೆಗೂ ಬೆಲೆ ಬರಲಿ

ತಿತಿಮತಿ ಕಡೆಯ ಯಾವುದೇ ಸಣ್ಣ ಕಾಫಿ ಬೆಳೆಗಾರನನ್ನು ಮಾತಾಡಿಸಿ ನೋಡಿ. ಎಕರೆಗೆ ಎಷ್ಟು ಚೀಲ ಆಯ್ತು, ಔಟ್‌ಟರ್ನ್ ಎಷ್ಟು ಬಂತು, ನಿನ್ನೆ ಗೋಣಿಕೊಪ್ಪದಲ್ಲಿ ಚೆರಿ ರೇಟು ಎಷ್ಟಿತ್ತು, ಎಲ್ಲಾ ನಾಲಿಗೆ ತುದಿಯಲ್ಲೇ ಇರುತ್ತೆ. ಕೊನೆಗೆ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಕಾಫಿಯ ರುಚಿ ಹೇಗಿದೆ?’ ಆಗ ನಗುತ್ತಾರೆ. ‘ಕಾಫಿ ಕಾಫಿ ಥರಾ ಇದೆ’ ಅಂತಾರೆ.

ನಗುವ ಮಾತಲ್ಲ ಇದು. ಬೆಂಗಳೂರಿನಲ್ಲಿ ಈಗ ಕಾಲು ಕಿಲೋ ಕಾಫಿಬೀಜದ ಪೊಟ್ಟಣ ಐನೂರು, ಆರುನೂರು ರೂಪಾಯಿಗೆ ಮಾರಾಟವಾಗುತ್ತಿದೆ. ಪೊಟ್ಟಣದ ಮೇಲೆ ತೋಟದ ಹೆಸರು, ತಳಿ, ಒಣಗಿಸಿದ ರೀತಿ, ಜತೆಗೆ ‘ಕಿತ್ತಳೆ, ಬೆಲ್ಲ, ಕೋಕೋ’ ಅಂತ ರುಚಿಯ ವರ್ಣನೆ. ಬೀಜವನ್ನು ಕಪ್ಪಗೆ ಹುರಿದಿರೋದಿಲ್ಲ, ತಿಳಿಕಂದು ಬಣ್ಣಕ್ಕೆ ನಿಲ್ಲಿಸಿರುತ್ತಾರೆ. ಲೈಟ್ ರೋಸ್ಟ್ ಅಂತ ಅದರ ಹೆಸರು. ಬೆಳೆದವನಿಗೆ ಗೊತ್ತಿಲ್ಲದ ರುಚಿಯನ್ನು ಬೇರೆ ಯಾರೋ ಕಂಡುಹಿಡಿದು, ಅದಕ್ಕೆ ಬೆಲೆ ಕಟ್ಟಿ ಮಾರುತ್ತಿದ್ದಾರೆ. ತಪ್ಪು ಅವರದಲ್ಲ. ಆದರೆ ರುಚಿ ನೋಡುವ ವಿದ್ಯೆ ಬೆಳೆಗಾರನ ಮನೆಗೂ ಬರಬೇಕು ಎಂಬುದು ನನ್ನ ವಾದ. ಅದಕ್ಕೆ ದೊಡ್ಡ ಖರ್ಚೂ ಇಲ್ಲ, ದೊಡ್ಡ ಓದೂ ಬೇಡ.

ನಾನು ಕಾಫಿಯವನಲ್ಲ. ಹುಣಸೂರು ಸೀಮೆಯಲ್ಲಿ ರಾಗಿ, ಹುರುಳಿ, ಅವರೆ ಬೆಳೆಯುವ ಒಣಬೇಸಾಯದವ. ತಂಗಿಯನ್ನು ಕೊಟ್ಟಿರೋದು ತಿತಿಮತಿಗೆ. ಅವರಿಗೆ ಒಂದೂವರೆ ಎಕರೆ ರೊಬಸ್ಟಾ ಇದೆ. ನಮ್ಮ ರಾಗಿ ಕಣದ ಕೆಲಸ ಮುಗಿಯುವ ಹೊತ್ತಿಗೆ ಅವರ ಹಣ್ಣು ಕುಯ್ಲು ಶುರು. ವರ್ಷಾ ವರ್ಷಾ ಹೋಗಿ ಒಂದು ತಿಂಗಳು ಕೈಗೂಡಿಸುತ್ತೇನೆ. ಹೊರಗಿನವನ ಕಣ್ಣಿಗೆ ಕೆಲವು ಸಂಗತಿ ಬೇಗ ಕಾಣುತ್ತವೆ. ನಮ್ಮ ಕಡೆ ರಾಗಿ ಕೊಳ್ಳುವವ ಬಂದರೆ ಬೆಳೆದವ ತಾನೇ ನಾಲ್ಕು ಕಾಳು ಕಡಿದು ನೋಡಿರುತ್ತಾನೆ. ಹೊಗೆಸೊಪ್ಪಿನವರೂ ಅಷ್ಟೇ. ಬೇಲು ಕಟ್ಟುವ ಮುಂಚೆ ಮನೆಮಂದಿಯೆಲ್ಲ ಕೂತು ಎಲೆ ಮುಟ್ಟಿ, ಮೂಸಿ, ಬಣ್ಣ ನೋಡಿ ದರ್ಜೆ ಮಾಡುತ್ತಾರೆ. ಹರಾಜುಕಟ್ಟೆಯಲ್ಲಿ ರೇಟು ಕಡಿಮೆ ಕೂಗಿದರೆ ‘ಇದು ಆ ದರ್ಜೆ ಅಲ್ಲ’ ಅಂತ ವಾದಿಸುವ ಧೈರ್ಯ ಬರೋದು ಅಲ್ಲಿಂದ. ಕಾಫಿಯವರಿಗೆ ಮಾತ್ರ ಆ ಧೈರ್ಯವಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ವ್ಯಾಪಾರಿ ನಮ್ಮ ಭಾವನ ಚೀಲಕ್ಕೆ ಕೈಹಾಕಿ, ಮೂಸಿ, ‘ಮುಗ್ಗಲು ವಾಸನೆ ಇದೆ’ ಅಂತ ಚೀಲಕ್ಕೆ ಇನ್ನೂರು ರೂಪಾಯಿ ಮುರಿದ. ವಾಸನೆ ಇತ್ತೋ ಇಲ್ಲವೋ, ಎದುರು ಹೇಳಲು ಭಾವನ ಬಳಿ ಏನೂ ಇರಲಿಲ್ಲ. ತನ್ನ ಮಾಲಿನ ರುಚಿ ಗೊತ್ತಿಲ್ಲದವ ಬೇರೆಯವರ ಮಾತನ್ನೇ ನಂಬಬೇಕು.

ಹೀಗೇಕಾಯ್ತು?

ಬೆಳೆಗಾರರನ್ನು ಬೈದು ಪ್ರಯೋಜನವಿಲ್ಲ. ಕಾರಣ ಹಳೆಯದು. 1940ರ ದಶಕದಿಂದ ಕಾಫಿ ಮಾರಾಟವೆಲ್ಲ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆಯಲ್ಲಿತ್ತು. ಬೆಳೆದದ್ದನ್ನು ಪೂಲಿಗೆ ಕೊಡಬೇಕು, ಹಣ ಕಂತು ಕಂತಾಗಿ ಬರಬೇಕು. ನಿಮ್ಮದು, ನನ್ನದು, ಪಕ್ಕದವರದು ಎಲ್ಲಾ ಒಂದೇ ರಾಶಿ. ರುಚಿ ನೋಡುವವರು ಬೋರ್ಡಿನವರು. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಪೂರ್ತಿ ತಾನೇ ಮಾರುವ ಸ್ವಾತಂತ್ರ್ಯ ಬಂತು. ಮಾರುವ ಸ್ವಾತಂತ್ರ್ಯ ಬಂತೇ ಹೊರತು ರುಚಿ ನೋಡುವ ಅಭ್ಯಾಸ ಬರಲಿಲ್ಲ.

ರುಚಿ ನೋಡುವ ವಿದ್ಯೆ ನಮ್ಮ ನಾಡಿಗೆ ಹೊಸತೇನಲ್ಲ. ಸುನಾಲಿನಿ ಮೆನನ್ ಎಂಬ ಹೆಣ್ಣುಮಗಳು 1970ರ ದಶಕದಲ್ಲೇ ಕಾಫಿ ಬೋರ್ಡಿಗೆ ರುಚಿಪರೀಕ್ಷಕಿಯಾಗಿ ಸೇರಿ, ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿ, ಆಮೇಲೆ ಬೆಂಗಳೂರಿನಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿ ಪ್ರಪಂಚಕ್ಕೇ ಹೆಸರಾದರು. ಬೋರ್ಡು 2002ರಿಂದ ಒಳ್ಳೆ ಕಪ್ಪಿಗೆ ಪ್ರಶಸ್ತಿ ಕೊಡುವ ಸ್ಪರ್ಧೆಯನ್ನೂ ಶುರು ಮಾಡಿತು. ವಿದ್ಯೆ ಬೆಂಗಳೂರಲ್ಲಿದೆ. ಬೆಳೆ ತಿತಿಮತಿಯಲ್ಲಿದೆ. ನಡುವೆ ಇನ್ನೂರು ಕಿಲೋಮೀಟರು.

ಈಗಿನ ವ್ಯಾಪಾರದ ಲೆಕ್ಕ ನೋಡಿ. ಐವತ್ತು ಕಿಲೋ ಒಣಚೆರಿ ಚೀಲ ಬಡಿದರೆ ಎಷ್ಟು ಕಿಲೋ ಬೀಜ ಬೀಳುತ್ತೆ ಅನ್ನೋದು ಔಟ್‌ಟರ್ನ್. ಇಪ್ಪತ್ತಾರು ಬಂದರೆ ಇಪ್ಪತ್ತಾರನ್ನು ರೇಟಿಗೆ ಗುಣಿಸು, ಮುಗೀತು. ತೂಕಕ್ಕೆ ಕಾಲಂ ಇದೆ, ತೇವಕ್ಕೆ ಇದೆ, ಹುಳಕ್ಕೆ ಇದೆ. ರುಚಿಗೆ ಇಲ್ಲ. ರುಚಿಯ ಹೆಸರಲ್ಲಿ ಹಣ ಮುರಿಯೋದುಂಟು, ಸೇರಿಸೋದು ಕಂಡಿಲ್ಲ.

ತಿಳಿಯಾಗಿ ಹುರಿಯೋದು ಯಾಕೆ?

‘ಆ ಲೈಟ್ ರೋಸ್ಟ್ ಕುಡಿದೆ, ಹುಳಿಹುಳಿ, ಹಸಿಹಸಿ. ಅದಕ್ಕೆ ಅಷ್ಟು ದುಡ್ಡಾ?’ ಅಂತ ಕೇಳುವವರು ಬಹಳ. ನನಗೂ ದಿನಾ ಕುಡಿಯಲು ಬೇಕಾಗಿರೋದು ಹಾಲು ಹಾಕಿದ ಗಟ್ಟಿ ಕಾಫಿಯೇ. ತಂಗಿ ಮನೆಯ ಬೆಲ್ಲದ ಕಾಫಿಯೂ ಆದೀತು. ಆದರೆ ತಿಳಿಹುರಿ ಬೇಕಾಗಿರೋದು ಕುಡಿಯಲಿಕ್ಕಲ್ಲ, ನೋಡಲಿಕ್ಕೆ.

ಬೀಜ ಬಿಸಿಯಾಗುತ್ತಾ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಒಳಗಿನ ಹಬೆಯ ಒತ್ತಡಕ್ಕೆ ಚಟಪಟ ಸಿಡಿಯುತ್ತೆ, ಜೋಳ ಅರಳಿದ ಹಾಗೆ. ಇದು ಮೊದಲ ಸಿಡಿತ. ಅದು ಕಳೆದು ಸ್ವಲ್ಪ ಹೊತ್ತಿಗೆ ನಿಲ್ಲಿಸಿದರೆ ತಿಳಿಹುರಿ. ಮುಂದುವರಿಸಿದರೆ ಸಣ್ಣ ಸದ್ದಿನ ಎರಡನೇ ಸಿಡಿತ ಬಂದು, ಬೀಜ ಕಪ್ಪಾಗಿ ಎಣ್ಣೆ ಬಿಡುತ್ತೆ. ಅಷ್ಟು ಹುರಿದಾಗ ನಾಲಿಗೆಗೆ ಸಿಗೋದು ಬಹುಪಾಲು ಹುರಿದ ರುಚಿ. ತಗ್ಗಿನ ತೋಟದ್ದೋ ಬೆಟ್ಟದ್ದೋ, ಹಣ್ಣಾದದ್ದೋ ಕಾಯೋ, ಒಳ್ಳೆ ಕಣದ್ದೋ ಮಣ್ಣಿನ ಮೇಲಿನದ್ದೋ ಗೊತ್ತಾಗೋದಿಲ್ಲ. ಮೇಲೆ ಚಿಕೋರಿ ಬೆರೆಸಿದರೆ ಕೇಳೋದೇ ಬೇಡ. ನಮ್ಮಲ್ಲಿ ಕಾಫಿಪುಡಿಗೆ ನೂರಕ್ಕೆ ನಲವತ್ತೊಂಬತ್ತರವರೆಗೆ ಚಿಕೋರಿ ಬೆರೆಸಲು ಕಾನೂನೇ ಬಿಟ್ಟಿದೆ.

ತಿಳಿಹುರಿಯಲ್ಲಿ ಮುಚ್ಚಿಡಲು ಜಾಗವಿಲ್ಲ. ಒಳ್ಳೆಯದೂ ಕಾಣುತ್ತೆ, ಕೆಟ್ಟದ್ದೂ ಕಾಣುತ್ತೆ. ಮಸಾಲೆ ಹಾಕಿದ ಮೇಲೆ ಬೇಳೆ ಹಳೆಯದೋ ಹೊಸದೋ ಹೇಳೋದು ಕಷ್ಟ. ಬರೀ ಬೇಯಿಸಿ ಉಪ್ಪು ಹಾಕಿ ತಿಂದರೆ ಮಕ್ಕಳೂ ಹೇಳುತ್ತಾರೆ. ಪ್ರಪಂಚದ ರುಚಿಪರೀಕ್ಷಕರೆಲ್ಲ ಮಾದರಿಯನ್ನು ಹಗುರವಾಗಿ ಹುರಿಯೋದು ಇದೇ ಕಾರಣಕ್ಕೆ. ನೂರಕ್ಕೆ ಎಂಬತ್ತು ಅಂಕ ದಾಟಿದರೆ ಅದು ಸ್ಪೆಷಾಲಿಟಿ ಕಾಫಿ. ಪರಿಮಳ, ರುಚಿ, ಕುಡಿದ ಮೇಲೆ ಉಳಿಯುವ ರುಚಿ, ಹುಳಿ, ಬಾಯಲ್ಲಿನ ಭಾರ, ಸಿಹಿ, ಕಪ್ಪಿನ ಶುದ್ಧತೆ, ಇಂಥವಕ್ಕೆಲ್ಲ ಅಂಕ ಕೊಟ್ಟು ಕೂಡುವ ಪದ್ಧತಿಯಲ್ಲಿ ಬೆಳೆದು ಬಂದ ಲೆಕ್ಕ ಇದು.

ಮನೆಯಲ್ಲೇ ಮಾಡುವ ಬಗೆ

ಹೋದ ಸೀಸನ್‌ನಲ್ಲಿ ನಾವು ಮಾಡಿದ ರೀತಿ ಬರೆಯುತ್ತೇನೆ. ಅಳತೆಗಳು ಪರೀಕ್ಷಕರು ಬಳಸುವವೇ, ಪಾತ್ರೆಗಳು ನಮ್ಮವು.

ಪ್ರತಿ ರಾಶಿಯಿಂದ ಮೇಲೆ, ನಡುವೆ, ಅಡಿಯಲ್ಲಿ ಕೈಹಾಕಿ ಅರ್ಧ ಕಿಲೋ ಒಣಚೆರಿ ತೆಗೆಯಿರಿ. ಒರಳಲ್ಲಿ ಹಗುರಕ್ಕೆ ಕುಟ್ಟಿ, ಮೊರದಲ್ಲಿ ಕೇರಿ. ಹುಳ ತಿಂದದ್ದು, ಕಪ್ಪು, ಒಡಕು ಆರಿಸಿ ಬೇರೆ ಇಡಿ. ಎಷ್ಟು ಬಂತು ಅಂತ ಬರೆದಿಡಿ, ಅದೂ ಒಂದು ಪಾಠವೇ.

ನೂರು ಗ್ರಾಂ ಬೀಜವನ್ನು ದಪ್ಪ ಬಾಣಲೆಯಲ್ಲಿ ಕೈ ಬಿಡದೆ ಆಡಿಸುತ್ತಾ ಹುರಿಯಿರಿ. ಹತ್ತು ಹನ್ನೆರಡು ನಿಮಿಷದೊಳಗೆ ಸಿಡಿತ ಮುಗಿಯುವ ಹಾಗೆ ಉರಿ ಇರಲಿ. ರೊಬಸ್ಟಾ ಬೀಜ ಗಟ್ಟಿ, ಅದನ್ನು ಅರೇಬಿಕಾಕ್ಕಿಂತ ಒಂದು ಹೆಜ್ಜೆ ಮುಂದಕ್ಕೆ ಹುರಿಯಬೇಕು. ಸಿಡಿತ ಪೂರ್ತಿ ನಿಂತು, ಬಣ್ಣ ಹಳೇ ಬೆಲ್ಲದ ಹಾಗಾದಾಗ ಇಳಿಸಿ. ಮೊರಕ್ಕೆ ಸುರಿದು ಬೀಸಿ ಕೂಡಲೇ ಆರಿಸಿ. ರುಚಿಯಲ್ಲಿ ಹಸಿಕಡಲೆ, ಹುಲ್ಲು ಅನ್ನಿಸಿದರೆ ಕಾಫಿಯನ್ನು ಬೈಯಬೇಡಿ, ಹುರಿದದ್ದು ಸಾಲದು ಅಂತ ಅರ್ಥ. ಎಲ್ಲಾ ಮಾದರಿಯನ್ನೂ ಒಂದೇ ಬಣ್ಣಕ್ಕೆ ಹುರಿಯೋದು ಮುಖ್ಯ, ಇಲ್ಲಾಂದ್ರೆ ಹೋಲಿಕೆಗೆ ಅರ್ಥವಿಲ್ಲ.

ಒಂದು ರಾತ್ರಿ ಮುಚ್ಚಿಡಿ. ಮಾರನೆ ದಿನ ಸಣ್ಣ ರವೆಯ ಹಾಗೆ ತರಿತರಿಯಾಗಿ ಪುಡಿ ಮಾಡಿ. 150 ಮಿಲಿಲೀಟರ್ ನೀರಿಗೆ ಎಂಟು ಗ್ರಾಂ ಚಿಲ್ಲರೆ ಪುಡಿ ಲೆಕ್ಕ. ಒಂದು ಮಾದರಿಗೆ ಒಂದೇ ಲೋಟ ಬೇಡ, ಕನಿಷ್ಠ ಮೂರು ಇರಲಿ. ಪರೀಕ್ಷಕರು ಐದು ಇಡುತ್ತಾರೆ. ಒಂದು ಕೊಳೆತ ಬೀಜ ಬಿದ್ದರೂ ಆ ಲೋಟ ಮಾತ್ರ ಕೆಡುತ್ತೆ. ಮೂರರಲ್ಲಿ ಒಂದು ಬೇರೆಯಾದರೆ ರಾಶಿಯಲ್ಲಿ ಆಯ್ಕೆ ಸರಿಯಾಗಿಲ್ಲ ಅಂತ ಗೊತ್ತಾಗುತ್ತೆ.

ಒಣಪುಡಿಯನ್ನೇ ಮೊದಲು ಮೂಸಿ. ಕುದ್ದ ನೀರನ್ನು ಇಳಿಸಿ ಒಂದು ನಿಮಿಷ ಬಿಟ್ಟು ಸುರಿಯಿರಿ. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕೆನೆಯ ಹಾಗೆ ಪುಡಿ ಕಟ್ಟಿರುತ್ತೆ. ಮೂಗು ಹತ್ತಿರ ಇಟ್ಟು ಚಮಚದಲ್ಲಿ ಅದನ್ನು ಒಡೆಯಿರಿ. ಪರಿಮಳ, ದುರ್ವಾಸನೆ ಎರಡೂ ಆ ಕ್ಷಣದಲ್ಲಿ ಎದ್ದು ಬರುತ್ತವೆ. ಮೇಲಿನ ನೊರೆ ತೆಗೆದು, ನಾಲಿಗೆ ಸುಡದಷ್ಟು ಆರಿದ ಮೇಲೆ ಚಮಚದಿಂದ ಸೊರ್ರನೆ ಹೀರಿ. ಸದ್ದಾಗಲಿ, ನಾಚಿಕೆ ಬೇಡ. ಗಾಳಿ ಸೇರಿದರೇನೇ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಹತ್ತೋದು. ಅನುಮಾನವಿದ್ದರೆ ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ, ಬರೀ ಕಹಿ, ಹುಳಿ. ಮೂಗು ಬಿಡಿ, ಆಗ ಕಾಫಿ ಆಗುತ್ತೆ.

ಲೋಟದ ಅಡಿಗೆ ಗುರುತು ಅಂಟಿಸಿ ಬೇರೆಯವರು ಜೋಡಿಸಲಿ. ಯಾವುದು ಯಾವ ರಾಶಿ ಅಂತ ಹೀರುವವರಿಗೆ ಗೊತ್ತಿರಬಾರದು. ಬೀಡಿ, ಎಲೆಅಡಿಕೆ, ಖಾರದ ಊಟ ಒಂದು ಗಂಟೆ ಮುಂಚೆ ಬಂದ್. ಆರಿದ ಮೇಲೆ ಇನ್ನೊಂದು ಸುತ್ತು ಹೀರಲೇಬೇಕು. ಬಿಸಿಯಲ್ಲಿ ಅಡಗಿದ್ದ ದೋಷ ಆರಿದಾಗ ತಲೆ ಎತ್ತುತ್ತೆ.

ನಾವು ಮೂರು ಮಾದರಿ ಇಟ್ಟಿದ್ದೆವು. ಒಂದು, ಹಣ್ಣು ಮಾತ್ರ ಕುಯ್ದು ಟಾರ್ಪಾಲಿನ ಮೇಲೆ ಒಣಗಿಸಿದ್ದು. ಎರಡು, ಕಾಯಿ ಹಣ್ಣು ಒಟ್ಟಿಗೆ ಎಳೆದು ಸೆಗಣಿ ಸಾರಿಸಿದ ಕಣದಲ್ಲಿ ಒಣಗಿಸಿದ್ದು. ಮೂರು, ಗಿಡದಲ್ಲೇ ಒಣಗಿ ಉದುರಿದ್ದು. ಹೀರಿದವರು ಏಳು ಜನ, ಅದರಲ್ಲಿ ಇಬ್ಬರು ತೋಟದ ಕೂಲಿಗೆ ಬರುವ ಹೆಂಗಸರು. ಮೂರನೆಯದನ್ನು ಎಲ್ಲರೂ ಮೊದಲ ಗುಟುಕಿಗೇ ಹಿಡಿದರು. ಒಂದು ಮತ್ತು ಎರಡರಲ್ಲಿ ಬಿಸಿಯಿದ್ದಾಗ ನಾಲ್ವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಆರಿದಾಗ ಆರು ಜನ ಸರಿಯಾಗಿ ಹೇಳಿದರು. ಆ ಇಬ್ಬರು ಹೆಂಗಸರು ಎರಡು ಸಲವೂ ತಪ್ಪಲಿಲ್ಲ. ನಾಲಿಗೆಗೆ ಓದು ಬರಹ ಬೇಡ ಅಂದದ್ದು ಅದಕ್ಕೇ.

ರುಚಿ ಹೇಳುವ ಪಾಠ

ರುಚಿ ನೋಡುವ ಮೊದಲ ಲಾಭ ಹೆಚ್ಚು ಬೆಲೆಯಲ್ಲ, ತೋಟದ ಮತ್ತು ಕಣದ ಕೆಲಸಕ್ಕೆ ಸಿಗುವ ವರದಿ.

ಒಗರು, ನಾಲಿಗೆ ಹಿಡಿದಂತೆ ಆಗೋದು: ಕಾಯಿ ಬೆರೆತಿದೆ. ಎಳೆದು ಕುಯ್ದದ್ದರ ಫಲ.

ಕೊಳೆತ ಹುಳಿ, ಹಳಸಿದ ವಾಸನೆ: ಕುಯ್ದ ಹಣ್ಣು ಚೀಲದಲ್ಲೇ ರಾತ್ರಿ ಕಳೆದು ಬಿಸಿಯೇರಿದೆ. ಅದೇ ದಿನ ಹರಡಬೇಕು.

ಮಣ್ಣುವಾಸನೆ, ಮುಗ್ಗಲು: ಬರೀ ನೆಲದ ಮೇಲೆ ಅಥವಾ ದಪ್ಪ ರಾಶಿಯಲ್ಲಿ ಒಣಗಿದೆ, ಇಲ್ಲವೇ ಮಂಜು ಬಿದ್ದಿದೆ. ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು. ಇದು ಬರೀ ರುಚಿಯ ಮಾತಲ್ಲ. ಬೂಸ್ಟು ಹಿಡಿದ ಕಾಫಿಯಲ್ಲಿ ಓಕ್ರಟಾಕ್ಸಿನ್ ಎಂಬ ವಿಷ ಸೇರುತ್ತೆ, ಹೊರದೇಶದವರು ಅದನ್ನು ಪರೀಕ್ಷೆ ಮಾಡಿಯೇ ಕೊಳ್ಳೋದು.

ಗೋಣಿ, ಗೊಬ್ಬರ, ಸೀಮೆಎಣ್ಣೆ ವಾಸನೆ: ದಾಸ್ತಾನಿನ ದೋಷ. ಕಾಫಿಬೀಜ ಪಕ್ಕದ ವಾಸನೆಯನ್ನೆಲ್ಲ ಹೀರುತ್ತೆ. ಯೂರಿಯಾ ಚೀಲದ ಜತೆ ಇಡಬೇಡಿ.

ಕಾಗದ ಅಗಿದ ಹಾಗೆ ಸಪ್ಪೆ: ಹಳೇ ಮಾಲು.

ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಒಂದು ಟಾರ್ಪಾಲು, ಇನ್ನೊಂದಿಷ್ಟು ಕೈಕೆಲಸ. ಎಲ್ಲದಕ್ಕೂ ಅಂತ ಹೇಳೋದಿಲ್ಲ. ತಿತಿಮತಿ ಕಾಡಂಚಿನ ಊರು. ತೋಟದಲ್ಲಿ ಆನೆ ಇದೆ ಅಂದ ದಿನ ಯಾರೂ ಕುಯ್ಲಿಗೆ ಇಳಿಯೋದಿಲ್ಲ, ಇಳಿಯಲೂಬಾರದು. ಹಣ್ಣು ಗಿಡದಲ್ಲೇ ಒಣಗುತ್ತೆ. ಕಣದಲ್ಲಿ ಕಾಫಿ ಇರುವಾಗ ಬರುವ ಅಕಾಲ ಮಳೆ ಇನ್ನೊಂದು ಪೀಡೆ. ಅಂಥ ಮಾಲನ್ನಾದರೂ ಬೇರೆ ಗುಡ್ಡೆ ಹಾಕಿ. ಒಳ್ಳೆಯದರ ಜತೆ ಬೆರೆಸಿದರೆ ಎರಡೂ ಕೆಟ್ಟದ್ದರ ಬೆಲೆಗೇ ಹೋಗುತ್ತವೆ.

ಪದಗಳೂ ನಮ್ಮವಿರಲಿ

ಹೊರದೇಶದವರು 1995ರಲ್ಲಿ ಕಾಫಿಗೊಂದು ರುಚಿಚಕ್ರ ಮಾಡಿದರು, 2016ರಲ್ಲಿ ತಿದ್ದಿದರು. ಅದರಲ್ಲಿ ಬ್ಲೂಬೆರಿ, ರಾಸ್ಪ್‌ಬೆರಿ ಅಂತೆಲ್ಲ ಇದೆ. ನಾವು ತಿನ್ನದ ಹಣ್ಣಿನ ಹೆಸರು ಹಿಡಿದು ನಮ್ಮ ಕಾಫಿ ಅಳೆಯೋದು ಹೇಗೆ? ನಮಗೆ ನೇರಳೆ ಗೊತ್ತು, ಕಿತ್ತಳೆ ಗೊತ್ತು, ಹಲಸಿನ ಹಣ್ಣು, ಕಾಚಂಪುಳಿಯ ಹುಳಿ, ಹುರಿಗಡಲೆ, ರಾಗಿ ಹುರಿಹಿಟ್ಟು, ಆಲೆಮನೆಯ ಪಾಕ ಗೊತ್ತು. ದೋಷಕ್ಕಂತೂ ಒಗರು, ಚೊಗರು, ಕಮಟು, ಮುಗ್ಗಲು, ಘಾಟು, ಹಳಸು ಅಂತ ಎಷ್ಟೊಂದು ಪದಗಳಿವೆ. ನಮ್ಮ ಮೊದಲ ಮಾದರಿಗೆ ತಂಗಿ ಕೊಟ್ಟ ಹೆಸರು ‘ಹುರಿಹಿಟ್ಟಿಗೆ ಬೆಲ್ಲ ಕಲಸಿದ ಹಾಗೆ’. ಎಲ್ಲರಿಗೂ ಥಟ್ಟನೆ ಅರ್ಥವಾಯ್ತು. ಹತ್ತು ಮನೆಯವರು ಒಂದೇ ರುಚಿಗೆ ಒಂದೇ ಪದ ಬಳಸಿದರೆ ಅದೇ ನಮ್ಮ ರುಚಿಚಕ್ರ.

ಎರಡು ತಕರಾರು

‘ರೊಬಸ್ಟಾಕ್ಕೆಂಥ ರುಚಿ, ಅದೆಲ್ಲ ಅರೇಬಿಕಾದವರಿಗೆ’ ಅನ್ನೋದು ಮೊದಲನೆಯದು. ಕೊಡಗಿನ ಬೆಳೆಯಲ್ಲಿ ಬಹುಪಾಲು ರೊಬಸ್ಟಾ. ಆದರೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ಕೊಡಗಿನ ಹೆಸರು ಬಂದದ್ದು ಅರೇಬಿಕಾಕ್ಕೆ. ರೊಬಸ್ಟಾದ ಹೆಸರು ವಯನಾಡಿಗೆ ಹೋಯ್ತು. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ಕಹಿ ಜಾಸ್ತಿ, ಹುಳಿ ಕಡಿಮೆ, ಇದೆಲ್ಲ ನಿಜ. ಆದರೆ ಒಳ್ಳೆ ರೊಬಸ್ಟಾವನ್ನು ಅದರದೇ ಅಳತೆಗೋಲಿನಲ್ಲಿ ಅಳೆಯುವ ನಿಯಮಗಳು ಈಗ ಬಂದಿವೆ. ಅಲ್ಲೂ ಎಂಬತ್ತು ದಾಟಬಹುದು. ನಮ್ಮ ದೇಶದ ತೊಳೆದ ರೊಬಸ್ಟಾದ ಮೇಲ್ದರ್ಜೆಗೆ ‘ಕಾಪಿ ರಾಯಲ್’ ಅಂತ ಹೆಸರೇ ಇದೆ. ಭಾರತದ ಕಾಫಿಗೆ ಇಟಲಿ ದೊಡ್ಡ ಗಿರಾಕಿ, ಅವರ ಎಸ್ಪ್ರೆಸ್ಸೋಗೆ ಬೇಕಾದ ಭಾರ, ನೊರೆ ಕೊಡೋದು ರೊಬಸ್ಟಾ. ರುಚಿಯಿಲ್ಲದ್ದನ್ನು ಅವರು ಸುಮ್ಮನೆ ಕೊಳ್ಳುತ್ತಾರೆಯೇ?

‘2024ರಲ್ಲಿ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿತು. ಹೇಗಿದ್ದರೂ ಕೊಳ್ಳುತ್ತಾರೆ, ಈ ರಗಳೆ ಯಾಕೆ?’ ಅನ್ನೋದು ಎರಡನೆಯದು. ಏರಿದ ಬೆಲೆ ಇಳಿಯದೇ ಇದ್ದದ್ದು ನಾನು ಯಾವ ಬೆಳೆಯಲ್ಲೂ ಕಂಡಿಲ್ಲ. 2001ರ ಸುಮಾರಿಗೆ ವಿಯೆಟ್ನಾಂ ರೊಬಸ್ಟಾ ಪ್ರಪಂಚದ ಮಾರುಕಟ್ಟೆಗೆ ಪ್ರವಾಹದಂತೆ ಬಂದು ಬೆಲೆ ನೆಲಕಚ್ಚಿದಾಗ ಕುಯ್ಲಿನ ಕೂಲಿ ಹುಟ್ಟೋದೂ ಕಷ್ಟವಾಗಿತ್ತು. ಅಂಥ ಕಾಲದಲ್ಲಿ ಕೊಳ್ಳುವವ ಆರಿಸಿ ಕೊಳ್ಳುತ್ತಾನೆ. ಆಗ ಕಲಿಯಲು ಕೂತರೆ ಹೊತ್ತು ಮೀರಿರುತ್ತೆ. ಕೈಯಲ್ಲಿ ನಾಲ್ಕು ಕಾಸಿರುವಾಗಲೇ ಟಾರ್ಪಾಲು ಕೊಳ್ಳಬೇಕು, ನಾಲಿಗೆ ಪಳಗಿಸಬೇಕು.

ಹಾಗಂತ ರುಚಿ ನೋಡಿದ ಕೂಡಲೇ ಬೆಂಗಳೂರಿನವರು ಕಾರು ತಂದು ಚೀಲ ಹೊತ್ತೊಯ್ಯುತ್ತಾರೆ ಅಂತ ನಾನು ಹೇಳೋದಿಲ್ಲ. ಹಣ್ಣು ಆರಿಸಿ ಕುಯ್ದರೆ ಕೂಲಿ ಜಾಸ್ತಿಯಾಗುತ್ತೆ. ಒಂದೂವರೆ ಎಕರೆಯವನ ನಾಲ್ಕಾರು ಚೀಲ ಕೊಳ್ಳಲು ಯಾರೂ ಅಷ್ಟು ದೂರ ಬರೋದಿಲ್ಲ. ಕೊಳ್ಳುವವ ಸಿಗುವ ಮುಂಚೆ ತೋಟ ಪೂರ್ತಿ ಆರಿಸಿ ಕುಯ್ಯಲು ಹೊರಡಬೇಡಿ. ಎರಡು ಚೀಲಕ್ಕಾಗುವಷ್ಟು ಮಾತ್ರ ಮಾಡಿ, ರುಚಿ ನೋಡಿ, ಲೆಕ್ಕ ಹಾಕಿ. ಹತ್ತು ಮನೆಯ ಒಂದೇ ರುಚಿಯ ಮಾಲು ಸೇರಿದಾಗ ಮಾತ್ರ ಮಾತುಕತೆಗೆ ಬಲ ಬರೋದು. ಒಂದೇ ರುಚಿ ಅಂತ ತೀರ್ಮಾನಿಸಲು ಆ ಹತ್ತು ಮನೆಯವರಿಗೂ ಹೀರಲು ಬರಬೇಕು.

ನಾನು ಹೇಳೋದಿಷ್ಟೇ

ಕುಯ್ಲು ಮುಗಿದ ಮೇಲೆ, ಮಾರುವ ಮುಂಚೆ, ಒಂದು ಭಾನುವಾರ ಹತ್ತು ಮನೆಯವರು ಒಂದು ಜಗಲಿಯಲ್ಲಿ ಸೇರಿ. ಪ್ರತಿ ಮನೆಯಿಂದ ಅರ್ಧ ಕಿಲೋ ಚೆರಿ, ಮೂರು ಲೋಟ, ಒಂದು ಚಮಚ. ಹೆಂಗಸರನ್ನು ಅಡಿಗೆಮನೆಗೆ ಕಳಿಸಬೇಡಿ, ಸಾಲಿನಲ್ಲಿ ಕೂರಿಸಿ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ಪಟ್ಟೆಯ ಹಣ್ಣು, ಎಂದು ಕುಯ್ದದ್ದು, ಎಷ್ಟು ದಿನ ಒಣಗಿದ್ದು, ರುಚಿ ಏನು. ಮಾರಿದ ಮೇಲೂ ಪ್ರತಿ ರಾಶಿಯ ಒಂದು ಡಬ್ಬಿ ಮಾದರಿ ಮನೆಯಲ್ಲಿರಲಿ. ಯಾರಾದರೂ ‘ವಾಸನೆ’ ಅಂದರೆ ಡಬ್ಬಿ ತೆಗೆದು ‘ಬನ್ನಿ, ಒಟ್ಟಿಗೇ ಹೀರೋಣ’ ಅನ್ನಬಹುದು.

ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಬೋರ್ಡಿನಲ್ಲಿ ನುರಿತ ರುಚಿಪರೀಕ್ಷಕರಿದ್ದಾರೆ. ಮಣ್ಣು ಪರೀಕ್ಷೆಗೆ ಕೇಳುವ ಹಾಗೆಯೇ ರುಚಿ ಪರೀಕ್ಷೆಗೂ ಕೇಳೋಣ. ಸೀಸನ್‌ಗೆ ಒಂದು ಸಲವಾದರೂ ಅವರು ನಮ್ಮೂರಿಗೆ ಬಂದು ನಮ್ಮ ಜತೆ ಕೂತು ಹೀರಲಿ. ಅವರ ನಾಲಿಗೆ ಹೇಳಿದ್ದಕ್ಕೂ ನಮ್ಮ ನಾಲಿಗೆ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾದರೆ ಅದೇ ದೊಡ್ಡ ತರಬೇತಿ.

ಮೂರು ವರ್ಷ ಗೊಬ್ಬರ ಹೊತ್ತು, ಮಳೆ ಕಾದು, ಆನೆಗೆ ಹೆದರಿ ಬೆಳೆಸಿದ ಗಿಡದ ಹಣ್ಣು ಅದು. ಅದರ ರುಚಿಯನ್ನು ಮೊದಲು ನೋಡುವ ಹಕ್ಕು ಬೆಳೆದವನದು. ಈ ಸೀಸನ್‌ನಲ್ಲಿ ಯಾರಾದರೂ ಮಾಡಿ ನೋಡಿದರೆ ಏನು ಕಂಡಿತು ಅಂತ ಪತ್ರಿಕೆಗೆ ಬರೆಯಿರಿ. ನಿಮ್ಮೂರಿನ ಪದಗಳಲ್ಲೇ ಬರೆಯಿರಿ.